ಒಂದು ಪಿಸ್ತೂಲು, ಎರಡು ಪಕ್ಷ

1896ನೆಯ ಇಸವಿಯಲ್ಲಿ ಮುಂಬಯಿಯ ಸಾಸೂನ್ ಬಂದರುಕಟ್ಟೆಗೆ ಸಣ್ಣ ದೋಣಿಯೊಂದು ಬಂದು ತಾಗಿತು. ಅದರಲ್ಲಿದ್ದ ತರುಣ ಸೈನ್ಯಾಧಿಕಾರಿಯು ಕಟ್ಟೆಯ ಕಬ್ಬಿಣದ ಬಳೆಯನ್ನು ಹಿಡಿದು ಮೇಲೇರುವಷ್ಟರಲ್ಲಿ ಅಲೆಯೊಡನೆ ದೋಣಿಯು ಕೆಳಕ್ಕೆ ಜಾರಿತು. ಅವನ ಬಲಭುಜದ ಕೀಲು ತಪ್ಪಿತು. ಆತನೇ ವಿನ್ಸ್ಟನ್ ಚರ್ಚಿಲ್. ಬೆಂಗಳೂರಿನ ದಂಡಿನಲ್ಲಿದ್ದ ದಿನಗಳಲ್ಲಿ ಆತನು ತೋಳನ್ನು ಪಟ್ಟಿಯಿಂದ ಬಿಗಿದುಕೊಂಡೇ ಪೋಲೋ ಆಡುತ್ತಿದ್ದನು. ಆದರೆ ಆ ತೋಳಿನಿಂದ ಖಡ್ಗವನ್ನು ಬೀಸುವ ಭರವಸೆ ಉಳಿಯಲಿಲ್ಲ. 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಂಡುರ್ಮಾನ್ ಕಾಳಗದಲ್ಲಿ ಅಶ್ವದಳದೊಡನೆ ಶತ್ರುಗಳ ಮೇಲೆ ನುಗ್ಗಿದಾಗ, ಆತನು ಖಡ್ಗವನ್ನು ಒರೆಗೆ ಸೇರಿಸಿ ಪಿಸ್ತೂಲನ್ನು ಕೈಗೆ ತೆಗೆದುಕೊಂಡನು. ಅದು ಮೌಸರ್ ಪಿಸ್ತೂಲು.

ಈ ಆಯುಧದ ಜನ್ಮಸ್ಥಳ ಜರ್ಮನಿಯಲ್ಲಿ ನೆಕ್ಕಾರ್ ನದಿಯ ದಡದ ಓಬರ್ನ್‌ಡಾರ್ಫ್. ಅಲ್ಲಿಯ ಮೌಸರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಫೀಡರ್ಲೆ ಸಹೋದರರು ಇದರ ರಚನೆಯನ್ನು ಕಲ್ಪಿಸಿದರು. 1895ರಲ್ಲಿ ಮೊದಲ ಮಾದರಿ ಸಿದ್ಧವಾಯಿತು. ಪೇಟೆಂಟನ್ನು ಪಡೆದವನು ಮಾತ್ರ ಯಜಮಾನನಾದ ಪೌಲ್ ಮೌಸರ್. ಕಲ್ಪಿಸಿದವರನ್ನು ಇಂದು ಬಲ್ಲವರು ವಿರಳ. ಪಿಸ್ತೂಲಿಗೆ ಯಜಮಾನನ ಹೆಸರೇ ನಿಂತಿತು.

ಅಂದಿನ ರಿವಾಲ್ವರಿನಲ್ಲಿ ತೋಟಾಗಳು ತಿರುಗುವ ಉರುಳೆಯೊಳಗೆ ಇರುತ್ತಿದ್ದವು. ಆರು ಗುಂಡುಗಳಾದ ಮೇಲೆ ಮತ್ತೆ ತುಂಬಬೇಕು. ಮೌಸರಿನಲ್ಲಿ ಟ್ರಿಗರಿನ ಮುಂಭಾಗದಲ್ಲಿ ಪೆಟ್ಟಿಗೆಯಂಥ ಭಾಗವಿದೆ. ಲೋಹದ ಪಟ್ಟಿಗೆ ಸಿಕ್ಕಿಸಿದ 10 ತೋಟಾಗಳನ್ನು ಮೇಲಿನಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಅವೆಲ್ಲ ಒಮ್ಮೆಗೇ ಅದರೊಳಕ್ಕೆ ಇಳಿಯುತ್ತವೆ. ಗುಂಡು ಹಾರಿದಾಗ ಉಂಟಾಗುವ ಹಿಂದೊದೆತವೇ ಇದರ ಚಾಲಕಶಕ್ತಿ. ನಳಿಗೆಯೂ ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟೂ ಒಂದಕ್ಕೊಂದು ಬಿಗಿದುಕೊಂಡೇ ಸ್ವಲ್ಪ ದೂರ ಹಿಂದಕ್ಕೆ ಸರಿಯುತ್ತವೆ. ಬಳಿಕ ಕೆಳಗಿನ ಬೆಣೆಯೊಂದು ಜಾರಿ ಬೋಲ್ಟನ್ನು ಬಿಡಿಸುತ್ತದೆ. ಅದು ಒಂಟಿಯಾಗಿ ಹಿಂದೆ ಹೋಗಿ, ಬರಿದಾದ ತೋಟಾವನ್ನು ಹೊರಗೆಸೆದು, ಸುತ್ತಿಗೆಯನ್ನು ಎತ್ತಿ ನಿಲ್ಲಿಸುತ್ತದೆ. ಸ್ಪ್ರಿಂಗಿನ ಬಲದಿಂದ ಮರಳುವಾಗ ಹೊಸ ತೋಟಾವನ್ನು ನಳಿಗೆಗೆ ದೂಡುತ್ತದೆ. ಹೊಡೆಯುವವನು ಪ್ರತಿ ಗುಂಡಿಗೂ ಟ್ರಿಗರನ್ನು ಎಳೆಯಬೇಕು, ಉಳಿದುದನ್ನು ಯಂತ್ರ ನೋಡಿಕೊಳ್ಳುತ್ತದೆ; ಆದುದರಿಂದಲೇ ಇದು ಅರೆಸ್ವಯಂಚಾಲಿತ. ಒಳಗಿನ ಭಾಗಗಳು ಒಗಟಿನ ತುಂಡುಗಳಂತೆ ಪರಸ್ಪರ ಹೆಣೆದುಕೊಂಡಿವೆ. ಹಿಡಿಕೆಯ ಮರವನ್ನು ಬಿಗಿಯುವ ಒಂದನ್ನು ಬಿಟ್ಟರೆ ಬೇರೆ ತಿರುಪುಮೊಳೆಯೇ ಇಲ್ಲ. ಮರದ ಒರೆಯನ್ನು ಹಿಡಿಕೆಗೆ ಜೋಡಿಸಿದರೆ ಭುಜಕ್ಕೆ ಆನಿಸಿ ಬಂದೂಕಿನಂತೆ ಗುರಿಯಿಡಬಹುದು.

ತುರ್ಕಿಯೂ ಇಟಲಿಯ ನೌಕಾದಳವೂ ಇದನ್ನು ಬೇಗನೆ ಕೊಂಡವು. ಸ್ವದೇಶದ ಸೈನ್ಯವು ಮಾತ್ರ 1908ರಲ್ಲಿ ಲೂಗರ್ ಪಿಸ್ತೂಲನ್ನು ಆರಿಸಿಕೊಂಡಿತು. ಮಹಾಯುದ್ಧದಲ್ಲಿ ಆಯುಧಗಳ ಅಭಾವ ತಲೆದೋರಿದ ಮೇಲೆ, 1916ರಲ್ಲಿ 1,50,000 ಮೌಸರುಗಳಿಗೆ ಆಜ್ಞೆಯಾಯಿತು. 9 ಮಿಲಿಮೀಟರ್ ತೋಟಾ ಬಳಸುವ ಇವುಗಳ ಹಿಡಿಕೆಯ ಮೇಲೆ ಗುರುತಿಗಾಗಿ ಕೆಂಪು ಬಣ್ಣದ ಒಂಬತ್ತರ ಅಂಕೆಯನ್ನು ಕೆತ್ತಿದರು.

ಅಷ್ಟರಲ್ಲಿ ಈ ಪಿಸ್ತೂಲು ಭರತಖಂಡದಲ್ಲಿ ಬೇರೊಂದು ಕಥೆಯನ್ನು ಬರೆದಿತ್ತು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪನಿಗೆ ಬಂದ 202 ಪೆಟ್ಟಿಗೆಗಳನ್ನು ಸುಂಕದ ಕಟ್ಟೆಯಿಂದ ಎತ್ತಿನ ಗಾಡಿಗಳಲ್ಲಿ ಸಾಗಿಸಲಾಯಿತು. ಬಿಡಿಸಿಕೊಂಡು ಬರಲು ಹೋದ ಗುಮಾಸ್ತ ಶ್ರೀಶಚಂದ್ರ ಮಿತ್ರನು ಕ್ರಾಂತಿಕಾರಿಗಳ ಕಡೆಯವನು. ಒಂದು ಗಾಡಿಯನ್ನು ಹೊಡೆಯುತ್ತಿದ್ದ ಹರಿದಾಸ ದತ್ತನೂ ವೇಷ ಮರೆಸಿದ ಕ್ರಾಂತಿಕಾರಿಯೇ. ಉಗ್ರಾಣಕ್ಕೆ ತಲುಪಿದ್ದು 192 ಪೆಟ್ಟಿಗೆಗಳು. ಮಾಯವಾದ ಹತ್ತರಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ತೋಟಾಗಳೂ ಇದ್ದವು.

ಮರುವರ್ಷ, 1915ರ ಸೆಪ್ಟೆಂಬರ್ 9ರಂದು, ಒರಿಸ್ಸಾದ ಬಾಲಾಸೋರಿನ ಬಳಿ ಜತೀಂದ್ರನಾಥ ಮುಖರ್ಜಿಯೂ ಆತನ ನಾಲ್ವರು ಸಂಗಡಿಗರೂ ರೈಫಲುಗಳನ್ನು ಹಿಡಿದ ಸರಕಾರಿ ಪಡೆಯನ್ನು ಮೌಸರುಗಳಿಂದ ಎದುರಿಸಿದರು. ಚಿತ್ತಪ್ರಿಯ ರಾಯಚೌಧರಿಯು ಅಲ್ಲಿಯೇ ಮಡಿದನು. ಗಾಯಗೊಂಡ ಜತೀಂದ್ರನು ಮರುದಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದನು. ಉಳಿದವರಲ್ಲಿ ಇಬ್ಬರಿಗೆ ಗಲ್ಲಾಯಿತು.

ಸಾಮ್ರಾಜ್ಯದ ಅಭಿಮಾನಿಯೊಬ್ಬನ ಪ್ರಾಣವನ್ನು ಸೂಡಾನಿನಲ್ಲಿ ಕಾಯ್ದದ್ದೂ, ಅದೇ ಸಾಮ್ರಾಜ್ಯದ ವಿರುದ್ಧ ಬಾಲಾಸೋರಿನಲ್ಲಿ ಸಿಡಿದದ್ದೂ ಒಂದೇ ಕಾರ್ಖಾನೆಯ ಸರಕು. ಯಂತ್ರಕ್ಕೆ ಬೆರಳಿನ ಒತ್ತಡವಷ್ಟೇ ತಿಳಿಯುತ್ತದೆ. ಬೆರಳು ಯಾರದೆಂದು ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿ ಉತ್ತರ ಹೇಳುವ ಹೊಣೆ ಚರಿತ್ರೆಯನ್ನು ಓದುವ ನಮಗೆ ಸೇರಿದ್ದು.