ಹೂಳಿಗೆ ಹೊಲವಿತ್ತು

ರಾಯಚೂರಿಗೆ ಕಡಲಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎಡೆದೊರೆ ನಾಡು. ದೂರದ ಕಡಲೂರುಗಳಲ್ಲಿ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿನ ತಳಕ್ಕಿಳಿದು ಬಾಟಲಿ, ಹರಿದ ಬಲೆ, ಟೈರು ಹೆಕ್ಕಿ ತರುವ ಸ್ವಯಂಸೇವಕರ ಸುದ್ದಿ ನಮಗೇಕೆ ಬೇಕು? ಬೇಕು. ದೇವದುರ್ಗದ ಹಳ್ಳದಲ್ಲೋ ಮಾನ್ವಿಯ ಕಾಲುವೆಯಲ್ಲೋ ಎಸೆದ ಚೀಲ ಅಲ್ಲೇ ಉಳಿಯುವುದಿಲ್ಲ. ತುಂಗಭದ್ರೆ ಕೃಷ್ಣೆಯನ್ನು ಸೇರುತ್ತಾಳೆ, ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅಲ್ಲಿ ಮುಳುಗುವವನ ಕೈಗೆ ಸಿಗುವುದರಲ್ಲಿ ನಮ್ಮ ಪಾಲೂ ಇರಬಹುದು.

ನೀರಿನ ತಳ ಚೊಕ್ಕ ಮಾಡುವುದು ನಮಗೆ ಹೊಸತಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರು ಹೂಳೆತ್ತುತ್ತಿದ್ದರು. ಅದು ಬರೀ ಪರೋಪಕಾರವಲ್ಲ, ಲೆಕ್ಕಾಚಾರವೂ ಹೌದು. ಎತ್ತಿದ ಹೂಳು ಬಂಡಿಯೇರಿ ಹೊಲಕ್ಕೆ ಹೋಗುತ್ತಿತ್ತು, ಗೊಬ್ಬರವಾಗುತ್ತಿತ್ತು. ಕೆರೆಗೆ ಆಳ ಬಂತು, ಹೊಲಕ್ಕೆ ಸತ್ವ ಬಂತು. ದುಡಿಮೆಗೆ ಪ್ರತಿಫಲವಿದ್ದುದರಿಂದಲೇ ಆ ಪದ್ಧತಿ ತಲೆಮಾರುಗಳ ಕಾಲ ಬಾಳಿತು.

ಇಂದಿನ ತಳದಲ್ಲಿ ಕೂತಿರುವುದೇ ಬೇರೆ. ರಾಯಚೂರಿನ ಮಾವಿನಕೆರೆಗೆ ಊರಿನ ಕೊಳಚೆ ಹರಿದಿದೆ. ಅದೇ ಊರಿನ ಖಾಸಬಾವಿಯಲ್ಲಿ ಗಣಪತಿ ವಿಸರ್ಜನೆಯಾಗುತ್ತದೆ. ಜೇಡಿಮಣ್ಣಿನ ಮೂರ್ತಿ ಕರಗಿ ಮಣ್ಣಾಗುತ್ತದೆ, ಪ್ಲಾಸ್ಟರಿನದು ಕರಗದೆ ಉಳಿಯುತ್ತದೆ. ಗಾಜು, ಪ್ಲಾಸ್ಟಿಕ್ಕು ಬೆರೆತ ಹೂಳನ್ನು ಯಾವ ರೈತ ಹೊಲಕ್ಕೆ ಹಾಕಿಸಿಕೊಂಡಾನು? ಹೂಳಿಗೆ ಹೊಲವಿತ್ತು, ಪ್ಲಾಸ್ಟಿಕ್ಕಿಗೆ ಯಾವ ಹೊಲವೂ ಇಲ್ಲ. ನೀರಿನಿಂದ ಎತ್ತಿದ್ದು ಊರಾಚೆಯ ತಿಪ್ಪೆ ಸೇರುತ್ತದೆ, ಮುಂದಿನ ಮಳೆಗೆ ಮತ್ತೆ ಹಳ್ಳಕ್ಕೆ ಇಳಿಯುತ್ತದೆ.

ಹಾಗಾದರೆ ಸ್ವಯಂಸೇವಕರ ಶ್ರಮ ವ್ಯರ್ಥವೇ? ಟನ್ನುಗಳಲ್ಲಿ ತೂಗಿದರೆ ಬಹುಮಟ್ಟಿಗೆ ಹೌದು. ಆದರೆ ಅವರ ಕೆಲಸದ ಬೆಲೆ ತಕ್ಕಡಿಯಲ್ಲಿಲ್ಲ. 2011ರಲ್ಲಿ ಶುರುವಾದ 'ಡೈವ್ ಅಗೇನ್‌ಸ್ಟ್ ಡೆಬ್ರಿ' ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮುಳುಗುಗಾರರು ಕಸ ಎತ್ತಿದರೆ ಸಾಲದು. ಯಾವ ವಸ್ತು, ಎಷ್ಟು, ಎಲ್ಲಿ ಸಿಕ್ಕಿತು ಎಂದು ಬರೆದಿಡಬೇಕು. ಆಗ ಕಸ ಸಾಕ್ಷಿಯಾಗುತ್ತದೆ. ದಡದಲ್ಲಿ ವಿಂಗಡಿಸಿಟ್ಟ ರಾಶಿ ಯಾವ ಸರಕು, ಯಾವ ಚರಂಡಿ, ಯಾವ ಹಬ್ಬ ಎಂಬುದನ್ನು ತಾನೇ ಹೇಳುತ್ತದೆ.

ಇಲ್ಲಿ ಎರಡು ಎಚ್ಚರ ಬೇಕು. ಮೊದಲನೆಯದು, ನಿತ್ಯದ ಹೊಣೆಯನ್ನು ಹಬ್ಬದ ಸೇವೆಗೆ ಒಪ್ಪಿಸಬಾರದು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರು ಜೀವ ತೆಗೆದದ್ದನ್ನು ಮರೆಯಲಾದೀತೆ? ಕುಡಿಯುವ ನೀರಿನ ತೊಟ್ಟಿಯ ತಳ ತೊಳೆಯುವುದು ಯಾರ ದೊಡ್ಡಗುಣಕ್ಕೂ ಬಿಟ್ಟ ಮಾತಲ್ಲ. ಅದು ಸಂಬಳದ ಕೆಲಸ, ತೆರಿಗೆ ಕಟ್ಟಿದವರ ಹಕ್ಕು.

ಎರಡನೆಯದು, ಇಳಿಯುವ ಮೈ ಯಾರದು? ಕಡಲಿಗೆ ಹವ್ಯಾಸಕ್ಕೆ ಇಳಿದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಊರುಗಳಲ್ಲಿ ಬಾವಿಯಲ್ಲಿ ಬಿದ್ದ ಹೆಣ ತೆಗೆಯಲು, ಕಟ್ಟಿಕೊಂಡ ಚರಂಡಿಗೆ ಇಳಿಯಲು ಕರೆಯುವುದು ಬಡವರನ್ನು, ಅದರಲ್ಲೂ ಕೆಲವೇ ಜಾತಿಗಳವರನ್ನು. ಅವರಿಗೆ ಸಿಲಿಂಡರೂ ಇಲ್ಲ, ಸನ್ಮಾನವೂ ಇಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕೊಳಚೆ ಬೆರೆತ ಕೆರೆಗೂ ಅದೇ ನ್ಯಾಯ ಸಲ್ಲಬೇಕು. ಕೊಳಚೆ ನಿಲ್ಲುವ ಮೊದಲು ಉತ್ಸಾಹಿ ಹುಡುಗರನ್ನು ಅಲ್ಲಿಗೆ ಇಳಿಸುವುದು ಸೇವೆಯಲ್ಲ, ಅವರ ಜೀವದ ಜೊತೆ ಆಟ.

ಆದ್ದರಿಂದ ನಮ್ಮ ಸ್ವಯಂಸೇವಕರ ಜಾಗ ನೀರಿನ ತಳವಲ್ಲ, ನೀರಿನ ದಾರಿ. ಹಳ್ಳ ಕೆರೆಗೆ ಸೇರುವ ಬಾಯಲ್ಲಿ, ವಿತರಣಾ ಕಾಲುವೆಯ ತೂಬಿನಲ್ಲಿ ಕಸ ತಡೆದು, ಎಣಿಸಿ, ಪಟ್ಟಿಯನ್ನು ವಾರ್ಡಿನ ಸದಸ್ಯರ ಮುಂದಿಟ್ಟು ಉತ್ತರ ಕೇಳಲಿ. ಕಾಲುವೆಯ ಕೊನೆಭಾಗದ ರೈತರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಮೇಲೆ ಯಾರೋ ಎಸೆದ ಕಸ ತೂಬಿಗೆ ಸಿಕ್ಕಿದರೆ, ಕೆಳಗೆ ಒಣಗುವುದು ತಮ್ಮ ಪೈರು.