ಮೇಪಲ್ ಮರಕ್ಕೆ ಪಂಪು ಹಾಕಿದರೆ ಮರ ಒಣಗಿಹೋಗುತ್ತದೆಯೇ?

ಮೇಪಲ್ ಸಿರಪ್ ಬಾಟಲಿಯ ಮೇಲೆ ಹೆಚ್ಚಾಗಿ ಒಂದೇ ಚಿತ್ರ: ಹಿಮ ಬಿದ್ದ ಕಾಡು, ಮರಕ್ಕೆ ನೇತುಹಾಕಿದ ತಗಡಿನ ಬಕೆಟ್ಟು. ಆದರೆ ಮಾರ್ಚ್ ತಿಂಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೋ ಅಮೆರಿಕದ ವರ್ಮಾಂಟ್ ರಾಜ್ಯಕ್ಕೋ ಹೋದರೆ ಕಾಣುವುದೇ ಬೇರೆ. ಮರದಿಂದ ಮರಕ್ಕೆ ಎಳೆದು ಕಟ್ಟಿದ ಪ್ಲಾಸ್ಟಿಕ್ ಕೊಳವೆಗಳ ಬಲೆ, ಇಳಿಜಾರಿನ ಕೆಳಗೆ ಸದ್ದು ಮಾಡುವ ನಿರ್ವಾತ ಪಂಪು. ಇದನ್ನು ಕಂಡವರು ಕೇಳುತ್ತಾರೆ: ಪಂಪು ಹಾಕಿ ಹೀರಿದರೆ ಮರ ಸಾಯುವುದಿಲ್ಲವೇ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ಬೆರಳು ತೋರಿಸಬೇಕಾದ ಜಾಗ ಪಂಪು ಅಲ್ಲ.

ಮೊದಲು ರಸ ಏಕೆ ಹರಿಯುತ್ತದೆ ಎಂದು ನೋಡೋಣ. ಮೇಪಲ್ ಮರದ ಕಾಂಡದೊಳಗಿನ ನಾರುಗಳಲ್ಲಿ ನೀರಿನ ಬದಲು ಗಾಳಿ ತುಂಬಿರುತ್ತದೆ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ನೀರು ಆ ನಾರುಗಳೊಳಗೆ ಸೇರಿ ಹೆಪ್ಪುಗಟ್ಟುತ್ತದೆ, ಗಾಳಿ ಒತ್ತಿಹೋಗುತ್ತದೆ. ಆ ಹೊತ್ತಿನಲ್ಲಿ ಕಾಂಡ ಬೇರಿನಿಂದ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಹಗಲು ಹಿಮ ಕರಗಿದಾಗ ಒತ್ತಿದ್ದ ಗಾಳಿ ಹಿಗ್ಗಿ, ಕಾಂಡದೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗುತ್ತದೆ. ಎಲ್ಲಿ ತೂತಿದೆಯೋ ಅಲ್ಲಿ ರಸ ತೊಟ್ಟಿಕ್ಕುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾದರೆ ಹರಿವು ನಿಂತಿತು.

ಪಂಪು ಮಾಡುವುದು ಇಷ್ಟೇ: ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸಿ, ಆ ವ್ಯತ್ಯಾಸ ಇನ್ನಷ್ಟು ಹೊತ್ತು ಉಳಿಯುವಂತೆ ನೋಡಿಕೊಳ್ಳುವುದು. ನಿರ್ವಾತವನ್ನು ಪಾದರಸದ ಅಂಗುಲಗಳಲ್ಲಿ ಅಳೆಯುತ್ತಾರೆ. ಒಂದು ಅಂಗುಲ ಹೆಚ್ಚಾದರೆ ರಸ ಶೇ. 5ರಿಂದ 7ರಷ್ಟು ಹೆಚ್ಚುತ್ತದೆ ಎಂಬುದು ಅಲ್ಲಿನವರ ಲೆಕ್ಕ. ಸುಮಾರು 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್ ಸಿಗುವ ಕಸುಬಿನಲ್ಲಿ ಇದು ಸಣ್ಣ ಮಾತಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದವರು ಮರ ಕೊಯ್ದು ನೋಡಿದ್ದಾರೆ. ಹೆಚ್ಚಿನ ನಿರ್ವಾತದಿಂದ ಗಾಯ ದೊಡ್ಡದಾಗಿರಲಿಲ್ಲ.

ಗಾಯ ಮಾಡುವುದು ತೂತು. ಅದರ ಅಗಲ ಸುಮಾರು 8 ಮಿಲಿಮೀಟರ್, ಆಳ 4-5 ಸೆಂಟಿಮೀಟರ್. ಮರ ಆ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ತೂತಿನ ಮೇಲೂ ಕೆಳಗೂ ಉದ್ದಕ್ಕೆ ಕಂದು ಬಣ್ಣದ ಸತ್ತ ಪಟ್ಟಿ ಉಳಿಯುತ್ತದೆ. ಆ ಪಟ್ಟಿಯಲ್ಲಿ ಇನ್ನೆಂದೂ ರಸ ಹರಿಯದು, ಮುಂದಿನ ವರ್ಷ ಬೇರೆ ಕಡೆ ಕೊರೆಯಬೇಕು. ಅಂದರೆ ರಸ ಬಂದರೂ ಬಾರದಿದ್ದರೂ ಮರ ಬೆಲೆ ತೆತ್ತಾಗಿದೆ. ಕೊಳವೆಯ ನಿರ್ವಹಣೆಯ ಪ್ರಶ್ನೆ ಇಲ್ಲಿಂದಲೇ ಶುರು.

ಕೊಳವೆಯಲ್ಲಿ ಒಂದು ಸಣ್ಣ ಸೋರಿಕೆ ಇದೆ ಎನ್ನೋಣ. ರಸ ಹೊರಗೆ ಚೆಲ್ಲುವುದಿಲ್ಲ. ಬದಲಿಗೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಆ ಸಾಲಿನ ಮರಗಳಿಗೆಲ್ಲ ನಿರ್ವಾತ ಕುಸಿಯುತ್ತದೆ. ನೆಲ ಒದ್ದೆಯಾಗದ ಕಾರಣ ದೂರದಿಂದ ಗೊತ್ತೇ ಆಗದು. ಹಾಗಾಗಿ ಹಿಮದಲ್ಲಿ ಸಾಲಿನುದ್ದಕ್ಕೂ ನಡೆಯಬೇಕು. ಅರೆಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಓಡುತ್ತಿವೆಯೇ, ಜೋಡಣೆಯ ಹತ್ತಿರ ಸಣ್ಣಗೆ ಬುಸ್ ಎನ್ನುತ್ತಿದೆಯೇ ಎಂದು ನೋಡಬೇಕು, ಕೇಳಬೇಕು. ಒತ್ತಡ ತಿಳಿಸುವ ವೈರ್‌ಲೆಸ್ ಸಾಧನಗಳು ಈಗ ಬಂದಿವೆ. ಆದರೆ ಅವು ಯಾವ ಸಾಲು ಎಂದಷ್ಟೇ ಹೇಳುತ್ತವೆ, ತೂತು ಹುಡುಕಲು ಮನುಷ್ಯನೇ ಹೋಗಬೇಕು.

ಕಳ್ಳ ಹೆಚ್ಚಿನ ಸಲ ಅಳಿಲು. ನಮ್ಮ ತೋಟಗಳಲ್ಲಿ ಹನಿ ನೀರಾವರಿಯ ಪೈಪು ಕಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಮಾಮೂಲಿ ಬ್ಲೀಚ್ ಹಾಕಿ ಕೊಳವೆ ತೊಳೆದರೆ ಉಪ್ಪಿನಂಶ ಉಳಿಯುತ್ತದೆ, ಆ ರುಚಿಗೆ ಅಳಿಲು ಇನ್ನಷ್ಟು ಬರುತ್ತದೆ.

ಸೋರಿಕೆಗಿಂತ ಕೆಟ್ಟದ್ದು ಜೋತುಬಿದ್ದ ಕೊಳವೆ. ತಗ್ಗಿನಲ್ಲಿ ರಸ ನಿಲ್ಲುತ್ತದೆ, ನಿಂತ ರಸದಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಬೆಳೆಯುತ್ತವೆ. ಸಂಜೆ ಚಳಿಗೆ ಮರ ಮತ್ತೆ ಒಳಕ್ಕೆ ಎಳೆದುಕೊಳ್ಳುವಾಗ, ನಿರ್ವಾತ ಇಲ್ಲದಿದ್ದರೆ, ಆ ಹಳಸಿದ ರಸವೇ ಹಿಂದಕ್ಕೆ ತೂತಿನೊಳಗೆ ಹೋಗುತ್ತದೆ. ಸೂಕ್ಷ್ಮಜೀವಿಗಳು ರಸನಾಳಗಳನ್ನು ಮುಚ್ಚುತ್ತವೆ, ಋತು ಮುಗಿಯುವ ಮೊದಲೇ ತೂತು ಬತ್ತುತ್ತದೆ. ಹಿಂದೊಮ್ಮೆ ಇದಕ್ಕೆ ತೂತಿನೊಳಗೆ ಪ್ಯಾರಾಫಾರ್ಮಾಲ್ಡಿಹೈಡ್ ಗುಳಿಗೆ ಇಡುತ್ತಿದ್ದರು. ರಸವೇನೋ ಹೆಚ್ಚು ಬಂತು, ಮರವೂ ಹೆಚ್ಚು ಕೊಳೆಯಿತು. ಅಮೆರಿಕ, ಕೆನಡಾ ಎರಡೂ ಕಡೆ ಈಗ ಅದಕ್ಕೆ ಅವಕಾಶವಿಲ್ಲ. ಈಗಿನ ಉಪಾಯ ಸರಳ: ಪ್ರತಿ ವರ್ಷ ಹೊಸ ನಳಿಕೆ. ಕೆಲವು ನಳಿಕೆಗಳೊಳಗೆ ಪುಟ್ಟ ಗುಂಡೊಂದಿದ್ದು ರಸ ಹಿಂದಕ್ಕೆ ಹೋಗದಂತೆ ತಡೆಯುತ್ತದೆ.

ಜೋತುಬೀಳದಂತೆ ಕಟ್ಟುವುದೇ ಒಂದು ವಿದ್ಯೆ. ಮುಖ್ಯ ಕೊಳವೆಯನ್ನು ಬಿಗಿಯಾಗಿ ಎಳೆದ ಉಕ್ಕಿನ ತಂತಿಗೆ ಸ್ವಲ್ಪ ಸ್ವಲ್ಪ ದೂರಕ್ಕೆ ಕಟ್ಟುತ್ತಾರೆ. 100 ಮೀಟರಿಗೆ ಕನಿಷ್ಠ 2 ಮೀಟರ್ ಇಳಿಜಾರು ಬೇಕು. ಸಣ್ಣ ಕವಲು ಕೊಳವೆಗಳಿಗೆ ಮೊಳೆ ಬೇಡ. ಒಂದು ಮರದ ಈ ಬದಿ, ಮುಂದಿನದರ ಆ ಬದಿ ಎಂದು ಹಾಯಿಸಿ ಎಳೆದರೆ ಬಿಗಿತವೇ ಅವನ್ನು ಹಿಡಿದಿಡುತ್ತದೆ. ತಪ್ಪು ನಡೆಯುವುದು ತಂತಿಯ ತುದಿಯಲ್ಲಿ. ಬರಿಯ ತಂತಿಯನ್ನು ಮರಕ್ಕೆ ಸುತ್ತಿ ಮರೆತರೆ, ಮರ ದಪ್ಪವಾದಂತೆ ತಂತಿ ತೊಗಟೆಯೊಳಗೆ ಹೂತು ಆಹಾರದ ದಾರಿಯನ್ನೇ ಕತ್ತರಿಸುತ್ತದೆ. ಪಂಪಿಗೆ ಹೆದರುವವರು ಈ ತಂತಿಗೆ ಹೆದರುವುದು ಒಳ್ಳೆಯದು. ನಡುವೆ ಮರದ ತುಂಡುಗಳನ್ನಿಟ್ಟು, ಕೆಲವು ವರ್ಷಗಳಿಗೊಮ್ಮೆ ಸಡಿಲಿಸಿ ಕಟ್ಟುವುದು ಸರಿಯಾದ ಕ್ರಮ.

ಮೊಗ್ಗು ಒಡೆಯುವ ಹೊತ್ತಿಗೆ ರಸದ ರುಚಿ ಕೆಡುತ್ತದೆ, ಕೆಲಸ ಮುಗಿಯುತ್ತದೆ. ಆಗ ಪ್ರತಿ ನಳಿಕೆಯನ್ನೂ ಕೀಳಬೇಕು. ತೂತಿಗೆ ಬಿರಡೆ, ಮೇಣ ಏನೂ ಬೇಡ. ಆರೋಗ್ಯವಂತ ಮರ ಒಂದೆರಡು ವರ್ಷದಲ್ಲಿ ತಾನೇ ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ನಳಿಕೆ ಅಲ್ಲೇ ಉಳಿದಿದ್ದರೆ ಮಾತ್ರ ಮುಚ್ಚಲಾಗದು.