ಮೀನಿನ ಮೇವಿಗೆ ಕೀಟ: ಪರ್ಯಾಯದ ಒರೆಗಲ್ಲು

ಸಾಕಿದ ಮೀನು ಬೆಳೆಯಬೇಕಾದರೆ ಸಮುದ್ರದ ಮೀನನ್ನು ಹಿಡಿದು ಪುಡಿ ಮಾಡಬೇಕಾಗಿರುವುದು ಆಧುನಿಕ ಮತ್ಸ್ಯಕೃಷಿ ಇನ್ನೂ ಬಿಡಿಸಿಕೊಳ್ಳಲಾರದ ತೊಡಕು. ಪೆರು ದೇಶದ ಕಡಲಲ್ಲಿ ದೊರೆಯುವ ಆಂಚೊವೆಟಾ ಎಂಬ ಸಣ್ಣ ಮೀನಿನ ಬಹುಪಾಲನ್ನು ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಉಳಿದ ಚರಟವನ್ನು ಒಣಗಿಸಿ ಮೀನುಹುಡಿ ಮಾಡಲಾಗುತ್ತದೆ. ಕರ್ನಾಟಕದ ಕರಾವಳಿಯ ಕಾರ್ಖಾನೆಗಳಲ್ಲಿ ಬೂತಾಯಿಯ ಒಂದು ಪಾಲಿಗೆ ಒದಗುವ ಗತಿಯೂ ಇದೇ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ 1.6 ಕೋಟಿ ಟನ್ನಿಗೂ ಮಿಕ್ಕಿದ ಮೀನು ಹುಡಿ ಮತ್ತು ಎಣ್ಣೆಯ ತಯಾರಿಕೆಗೆ ಸಂದಿತು. 2022ರ ಹೊತ್ತಿಗೆ ಸಾಕಣೆಯ ಜಲಜೀವಿಗಳ ಪ್ರಮಾಣ ಬಲೆಗೆ ಬಿದ್ದವುಗಳ ಪ್ರಮಾಣವನ್ನು ಮೀರಿಸಿತಾದರೂ ಕಡಲು ಕೊಡಬಲ್ಲ ಹುಡಿ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಈ ಅಂತರವನ್ನು ತುಂಬಲು ಮೊದಲು ಸೋಯಾ ಬಂದಿತು, ಆಮೇಲೆ ಕೀಟದ ಮಾತು ಬಂದಿತು. ಅದೇ ಸಂಸ್ಥೆ 2013ರಲ್ಲಿ ಖಾದ್ಯ ಕೀಟಗಳ ಕುರಿತು ವರದಿ ಪ್ರಕಟಿಸಿದ ಮೇಲೆ ಹಬ್ಬಿದ ಉತ್ಸಾಹದಲ್ಲಿ, ಕೀಟವನ್ನು ಯಾವ ಷರತ್ತಿನ ಮೇಲೆ ಪರ್ಯಾಯವೆನ್ನಬಹುದು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯಿತು.

ಪೋಷಕಾಂಶಗಳ ದೃಷ್ಟಿಯಿಂದ ಕೀಟದ ಪಕ್ಷ ದುರ್ಬಲವಲ್ಲ. ಈ ಉದ್ಯಮ ಹೆಚ್ಚಾಗಿ ನೆಚ್ಚಿಕೊಂಡಿರುವ ಕಪ್ಪು ಸೈನಿಕ ನೊಣದ ಮರಿಹುಳು ಕೊಳೆಯುವ ಸಾವಯವ ಪದಾರ್ಥವನ್ನು ತಿಂದು ಎರಡು ಮೂರು ವಾರಗಳಲ್ಲಿ ಬಲಿಯುತ್ತದೆ. ಒಣತೂಕದಲ್ಲಿ ಅದರ ಪ್ರೋಟೀನ್ ಶೇಕಡಾ 40ರ ಆಸುಪಾಸಿನಲ್ಲಿದ್ದು, ಕೊಬ್ಬಿನ ಪಾಲು ಅದು ತಿಂದ ಆಹಾರಕ್ಕೆ ತಕ್ಕಂತೆ ಏರಿಳಿಯುತ್ತದೆ. ಕೀಟದ ಹೊರಕವಚದಲ್ಲಿರುವ ಕೈಟಿನ್ ಎಂಬ ನಾರಿನಂಥ ಪದಾರ್ಥ ಎಲ್ಲ ಮೀನುಗಳಿಗೂ ಚೆನ್ನಾಗಿ ಜೀರ್ಣವಾಗದಿರುವುದು ಒಂದು ಮಿತಿ. ಅದಕ್ಕಿಂತ ದೊಡ್ಡ ಮಿತಿ ಕೊಬ್ಬಿನ ಸ್ವರೂಪದಲ್ಲಿದೆ. ಸಮುದ್ರದ ಮೀನನ್ನು ಪುಷ್ಟಿಕರವಾಗಿಸುವ ಉದ್ದ ಸರಪಳಿಯ ಒಮೇಗಾ-3 ಕೊಬ್ಬಿನಾಮ್ಲಗಳು ಹುಟ್ಟುವುದು ಕಡಲಿನ ಸೂಕ್ಷ್ಮ ಪಾಚಿಗಳಲ್ಲಿಯಾದ್ದರಿಂದ ನೆಲದ ಮೇಲೆ ಬೆಳೆದ ಹುಳುವಿನಲ್ಲಿ ಅವು ಇಲ್ಲವೆನ್ನುವಷ್ಟು ವಿರಳ. ಈ ನೊಣದ ಕೊಬ್ಬಿನಲ್ಲಿ ಪ್ರಧಾನವಾಗಿರುವುದು ತೆಂಗಿನೆಣ್ಣೆಯಲ್ಲಿರುವ ಲಾರಿಕ್ ಆಮ್ಲ. ಆದಕಾರಣ ಕೀಟ ಮೀನುಹುಡಿಯ ಒಂದು ಭಾಗಕ್ಕೆ ಬದಲಿಯಾದೀತೇ ಹೊರತು ಮೀನೆಣ್ಣೆಗೆ ಬದಲಿಯಾಗಲಾರದು.

ಪ್ರೋಟೀನಿನ ಶೇಕಡಾವಾರು ಲೆಕ್ಕ ಮುಗಿದ ಮೇಲೆಯೇ ನಿಜವಾದ ವಾದ ಆರಂಭವಾಗುತ್ತದೆ, ಏಕೆಂದರೆ ಕೀಟವೂ ತಿನ್ನುವ ಜೀವಿ. ಆಹಾರ ಒಂದು ಜೀವಿಯ ಮೂಲಕ ಹಾದು ಇನ್ನೊಂದನ್ನು ತಲುಪುವಾಗ ಪ್ರತಿ ಹಂತದಲ್ಲಿಯೂ ಶಕ್ತಿ ನಷ್ಟವಾಗುವುದರಿಂದ, ಗೋಧಿಯ ತೌಡನ್ನೋ ಧಾನ್ಯವನ್ನೋ ಹುಳುವಿಗೆ ತಿನ್ನಿಸಿ, ಆ ಹುಳುವನ್ನು ಮೀನಿಗೆ ತಿನ್ನಿಸುವುದು ನೇರವಾಗಿ ಮೇವಾಗಬಹುದಾಗಿದ್ದ ವಸ್ತುವಿಗೆ ಒಬ್ಬ ದುಬಾರಿ ದಲ್ಲಾಳಿಯನ್ನು ನೇಮಿಸಿದಂತೆ. ಬೇರೆ ಯಾರೂ ತಿನ್ನದ ಕಸವನ್ನು ಹುಳು ತಿಂದಾಗ ಮಾತ್ರ ಲೆಕ್ಕ ತಿರುಗುತ್ತದೆ. ವಿಚಿತ್ರವೆಂದರೆ, ಐರೋಪ್ಯ ಒಕ್ಕೂಟ 2017ರಲ್ಲಿ ಏಳು ಜಾತಿಯ ಕೀಟಗಳ ಪ್ರೋಟೀನನ್ನು ಮೀನಿನ ಮೇವಿಗೆ ಬಳಸಲು ಅನುಮತಿ ನೀಡಿದಾಗ, ಆ ಕೀಟಗಳನ್ನು ಸಾಕುಪ್ರಾಣಿಗಳೆಂದೇ ಪರಿಗಣಿಸಿ ಅವುಗಳಿಗೆ ಸಗಣಿ, ಹೋಟೆಲುಗಳ ಉಳಿಕೆ ಅನ್ನ ಮುಂತಾದವನ್ನು ತಿನ್ನಿಸುವುದನ್ನು ನಿಷೇಧಿಸಿತು. ಪ್ರಾಣಿಗಳ ಅವಶೇಷ ಬೆರೆತ ಮೇವಿನಿಂದ ಹಬ್ಬಿದ ಹುಚ್ಚು ಹಸು ರೋಗದ ಕಹಿ ಅನುಭವ ಆ ನಿಷೇಧದ ಹಿಂದಿದೆ, ಮತ್ತು ಈ ನೊಣದ ಮರಿಹುಳು ಕ್ಯಾಡ್ಮಿಯಂನಂಥ ಭಾರಲೋಹವನ್ನು ಮೈಯಲ್ಲಿ ಶೇಖರಿಸಿಕೊಳ್ಳುವುದರಿಂದ ಆ ಎಚ್ಚರಿಕೆ ಅತಿಯೆನ್ನುವಂತಿಲ್ಲ. ಆದರೂ ಕೀಟವನ್ನು ಸಮರ್ಥನೀಯವಾಗಿಸುವ ಆಹಾರವೇ ಹೀಗೆ ಬಹುಮಟ್ಟಿಗೆ ನಿಷಿದ್ಧವಾದಾಗ ಉಳಿಯುವುದು ದುಬಾರಿ ಮೇವು. ಹಿಟ್ಟಿನ ಹುಳುವನ್ನು ನಂಬಿ ಅಪಾರ ಬಂಡವಾಳ ಕೂಡಿಸಿದ್ದ ಫ್ರಾನ್ಸಿನ ಇನ್ಸೆಕ್ಟ್ ಕಂಪನಿ 2024ರಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋದುದಕ್ಕೆ ಹಲವು ಕಾರಣಗಳಿರಬಹುದು. ಅಗ್ಗದ ಮೇವಿನ ಮಾರುಕಟ್ಟೆಯಲ್ಲಿ ದುಬಾರಿ ಪ್ರೋಟೀನ್ ನಿಲ್ಲುವುದು ಕಷ್ಟವೆಂಬುದನ್ನಂತೂ ಅದು ತೋರಿಸಿತು.

ಈ ಒರೆಗಲ್ಲಿಗೆ ಹಚ್ಚಿದಾಗ ಹೊಸ ಕಾರ್ಖಾನೆಗಳ ಹುಳುವಿಗಿಂತ ಹಳೆಯದೊಂದು ಹುಳು ಮೇಲೆನಿಸುತ್ತದೆ. ರೇಷ್ಮೆಗೂಡಿನ ತೂಕದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಒಳಗಿರುವ ಪ್ಯೂಪಾದ್ದು, ಅಂದರೆ ಹುಳು ಚಿಟ್ಟೆಯಾಗುವ ಮುನ್ನಿನ ನಿಶ್ಚಲ ರೂಪದ್ದು. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ರಾಶಿಯಾಗಿ ಉಳಿಯುವ ಇದರ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನೂ ಕಾಲುಭಾಗದಷ್ಟು ಕೊಬ್ಬೂ ಇರುತ್ತದೆ. ಹಿಪ್ಪುನೇರಳೆಗೆ ಹೋದ ನೆಲ, ನೀರು, ದುಡಿಮೆಗಳ ವೆಚ್ಚವನ್ನು ನೂಲು ಈಗಾಗಲೇ ಹೊತ್ತಿರುವುದರಿಂದ ಪ್ಯೂಪಾ ಉಪ ಉತ್ಪನ್ನವಾಗಿ ಅಗ್ಗದಲ್ಲಿ ದೊರೆಯುತ್ತದೆ. ಜಪಾನಿನ ರೇಷ್ಮೆ ಸೀಮೆಗಳಲ್ಲಿ ಇದನ್ನು ಗೆಂಡೆಮೀನಿಗೆ ಹಾಕಿ ಸಾಕುವುದು ರೂಢಿಯಾಗಿತ್ತು. ಆದರೆ ಅದೇ ಜಪಾನಿನಲ್ಲಿ, ಕೊಬ್ಬು ಕೆಟ್ಟ ಪ್ಯೂಪಾವನ್ನು ತಿಂದ ಗೆಂಡೆಗಳ ಬೆನ್ನಿನ ಮಾಂಸ ಕರಗಿ, ಮಧುಮೇಹವನ್ನು ಹೋಲುವ ಸೆಕೊಕೆ ಎಂಬ ರೋಗ ಕಾಣಿಸಿಕೊಂಡಿತು. ಪ್ಯೂಪಾದ ಎಣ್ಣೆಯಲ್ಲಿ ಧಾರಾಳವಾಗಿರುವ ಲಿನೊಲೆನಿಕ್ ಆಮ್ಲ ಗಿಡ್ಡ ಸರಪಳಿಯ ಒಮೇಗಾ-3 ಆಗಿದ್ದು, ಸಿಹಿನೀರಿನ ಗೆಂಡೆ ಜಾತಿಯ ಮೀನುಗಳು ಅದನ್ನು ಸ್ವಲ್ಪಮಟ್ಟಿಗೆ ಉದ್ದ ಸರಪಳಿಗೆ ಮಾರ್ಪಡಿಸಿಕೊಳ್ಳಬಲ್ಲವು; ಗಾಳಿ ತಗುಲಿದರೆ ಬೇಗನೆ ಕಮಟಾಗುವುದೂ ಅದೇ ಆಮ್ಲ. ನೂಲು ಬಿಚ್ಚುವ ಊರುಗಳ ಅಂಗಳಗಳಲ್ಲಿ ಹರಡುವ ದುರ್ನಾತ ಈ ಕೆಡುವಿಕೆಯ ಗುರುತು. ಅಲ್ಲಿಯೇ, ಅದೇ ದಿನ ಒಣಗಿಸಿ ಎಣ್ಣೆ ಬೇರ್ಪಡಿಸುವ ವ್ಯವಸ್ಥೆಯಿಲ್ಲದಿದ್ದರೆ ಪೋಷಕಾಂಶಗಳ ಕೋಷ್ಟಕದಲ್ಲಿ ಕಾಣುವ ಗುಣ ಮೀನಿನ ಹೊಟ್ಟೆಯನ್ನು ಮುಟ್ಟುವುದಿಲ್ಲ.

ಇಷ್ಟಾದರೂ ಕರ್ನಾಟಕದ ಕೆರೆಕೊಳಗಳಲ್ಲಿ ಸಾಕುವ ಕಾಟ್ಲಾ, ರೋಹುಗಳಿಗೆ ಹೆಚ್ಚಾಗಿ ಹಾಕುವುದು ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು. ಅಲ್ಲಿ ರೇಷ್ಮೆಯ ಪ್ಯೂಪಾ ಬಂದರೆ ತಪ್ಪುವುದು ಹಿಂಡಿಯ ಖರ್ಚು. ಬೂತಾಯಿಯ ಮೇಲಿನ ಒತ್ತಡ ತಗ್ಗಬೇಕಾದರೆ ಅದೇ ಪ್ಯೂಪಾ ಮೀನುಹುಡಿಯನ್ನು ಬಳಸುವ ಕರಾವಳಿಯ ಸಿಗಡಿ ಮೇವಿನ ತಯಾರಕರನ್ನು ಏಕರೂಪದ ಗುಣಮಟ್ಟದಲ್ಲಿ, ವರ್ಷವಿಡೀ ತಲುಪಬೇಕು.